ಮೆಣಸೆಯ ಜಪಾನು

ನಮ್ಮ ಮೆಣಸೆಯ ಮನೆಯ ಜಗಲಿಯ ಗೋಡೆಯ ಮೇಲೆ ಮೂರು ಚಿತ್ರಗಳಿದ್ದುವು. ಒಂದು ಶಾರದಾಂಬೆಯದು. ಇನ್ನೊಂದು ಅಜ್ಜನದು, ಬದುಕಿದ್ದಾಗ ಯಾರೆದುರಿಗೂ ಅಷ್ಟು ಹೊತ್ತು ಸುಮ್ಮನೆ ಕೂತವರಲ್ಲವೆಂದು ಅಜ್ಜಿ ಅದನ್ನು ನೋಡಿದಾಗಲೆಲ್ಲ ಹೇಳುತ್ತಿದ್ದಳು. ಮೂರನೆಯದಕ್ಕೆ ಕಟ್ಟು ಇರಲಿಲ್ಲ, ಗಾಜು ಇರಲಿಲ್ಲ. ಅದು ಕ್ಯಾಲೆಂಡರಿನ ಒಂದು ಹಾಳೆ. ಜಪಾನಿನ ಟಿಲ್ಲರ್ ಮಾರುವ ಅಂಗಡಿಯವರು ಯಾವುದೋ ವರ್ಷ ನಮ್ಮ ತಂದೆಗೆ ಕೊಟ್ಟದ್ದು. ತಂದೆ ಟಿಲ್ಲರ್ ಕೊಳ್ಳಲಿಲ್ಲ. ಕ್ಯಾಲೆಂಡರನ್ನು ಮಾತ್ರ ಮರ್ಯಾದೆಯಿಂದ ತಂದು ತೂಗುಹಾಕಿದರು. ವರ್ಷ ಮುಗಿದ ಮೇಲೆ ತಿಂಗಳುಗಳೆಲ್ಲ ಒಲೆಗೆ ಹೋದುವು. ಒಂದು ಚಿತ್ರ ಮಾತ್ರ ಉಳಿಯಿತು.

ಅದು ಮಳೆಯ ಚಿತ್ರ. ಮೇಲೆ ಮಸಿಯಂಥ ಮೋಡ. ಕೆಳಗೆ ನೀಲಿ ಹೊಳೆ. ಹೊಳೆಗೆ ಅಡ್ಡಲಾಗಿ ಒಂದು ಮರದ ಸೇತುವೆ. ಸೇತುವೆಯ ಮೇಲೆ ಐದಾರು ಜನ ಮೈ ಕುಗ್ಗಿಸಿಕೊಂಡು ಓಡುತ್ತಿದ್ದಾರೆ. ಕೆಲವರಿಗೆ ಕೊಡೆಯಿದೆ, ಕೆಲವರು ಚಾಪೆಯಂಥದೇನನ್ನೋ ತಲೆಯ ಮೇಲೆ ಹಿಡಿದಿದ್ದಾರೆ. ದೂರದಲ್ಲೊಬ್ಬ ತನ್ನ ತೆಪ್ಪವನ್ನು ನಡೆಸಿಕೊಂಡು ತನ್ನಷ್ಟಕ್ಕೆ ಹೋಗುತ್ತಿದ್ದಾನೆ. ಮಳೆಯನ್ನು ಬರೆದವನು ಹನಿಗಳನ್ನು ಬರೆದಿಲ್ಲ. ಸಣ್ಣ ಕಪ್ಪು ಗೆರೆಗಳನ್ನು ಎಳೆದಿದ್ದಾನೆ. ನಮ್ಮ ಕಡೆ ಆಷಾಢದ ಮಳೆ ಹಾಗೆಯೇ ಬೀಳುತ್ತದೆ. ಹನಿಯೆಂಬುದು ಬಯಲುಸೀಮೆಯವರ ಮಾತು.

ಆದ್ದರಿಂದ ಆ ಚಿತ್ರ ಶೃಂಗೇರಿಯದೇ ಎಂದು ನಾನು ಬಹುಕಾಲ ನಂಬಿದ್ದೆ. ಸೇತುವೆ ಗುರುತಿನದಲ್ಲ, ನಿಜ. ಆದರೆ ಹೊಳೆ ತುಂಗೆ. ಚಾಪೆ ಹೊದ್ದವನು ಗೊರಬೆ ಹೊದ್ದ ನಮ್ಮ ಆಳು. ತೆಪ್ಪದವನು ಯಾರೆಂದು ತಿಳಿಯದಿದ್ದರೂ ಅವನು ಮೆಣಸೆಯವನೇ ಇರಬೇಕು, ಇಲ್ಲದಿದ್ದರೆ ಅಂಥ ಮಳೆಯಲ್ಲಿ ಅಷ್ಟು ನಿಧಾನವಾಗಿ ಯಾರು ಹೋದಾರು? ಮೂಲೆಯಲ್ಲಿದ್ದ ವಿಚಿತ್ರ ಅಕ್ಷರಗಳನ್ನು ನಾನು ಮಠದ ಹಳೆಯ ಲಿಪಿಯೆಂದು ತಿಳಿದಿದ್ದೆ. ಅದು ಜಪಾನೆಂದು ಶಾಲೆಯ ಮೇಷ್ಟರು ಹೇಳಿದ ದಿನ ನನಗಾದ ದುಃಖ ಸಣ್ಣದಲ್ಲ. ನಮ್ಮ ಹೊಳೆಯನ್ನು ಯಾರೋ ಹೊತ್ತುಕೊಂಡು ಹೋದ ಹಾಗಾಯಿತು. ಅದರ ಮರುದಿನದಿಂದ ನನಗೆ ಜಪಾನಿಗೆ ಹೋಗಬೇಕೆಂಬ ಆಸೆ ಹತ್ತಿತು.

ಮುಂದೆ ಬೆಂಗಳೂರಿಗೆ ಓದಲು ಬಂದಾಗ ಪುಸ್ತಕವೊಂದರಲ್ಲಿ ಅದೇ ಸೇತುವೆ, ಅದೇ ಮಳೆ ಕಣ್ಣಿಗೆ ಬಿತ್ತು. ಬರೆದವನು ಹಿರೋಶಿಗೆ, ವರ್ಷ 1857, ಊರು ಎದೊ. ಅದು ಮರದ ಅಚ್ಚಿನಿಂದ ಒತ್ತಿದ ಚಿತ್ರ. ಎದುರು ಪುಟದಲ್ಲಿ ಇನ್ನೊಂದು ಚಿತ್ರವಿತ್ತು. ಅದೇ ಸೇತುವೆ, ಅದೇ ಜನ. ಆದರೆ ಎಣ್ಣೆಬಣ್ಣ, ಹೊಳೆಯಲ್ಲಿ ಹೆಚ್ಚು ಹಸುರು, ಸುತ್ತ ಒಂದು ಅಂಚು, ಅಂಚಿನ ತುಂಬ ಜಪಾನೀ ಅಕ್ಷರ. ಇದನ್ನು 1887ರಲ್ಲಿ ಪ್ಯಾರಿಸಿನಲ್ಲಿ ಕೂತು ನಕಲು ಮಾಡಿದವನು ಡಚ್ಚರವನಾದ ವಿನ್ಸೆಂಟ್ ವಾನ್ ಗೋ. ಅಂಚಿನ ಅಕ್ಷರಗಳನ್ನು ಬೇರೆ ಚಿತ್ರಗಳಿಂದ ನೋಡಿ ಇಳಿಸಿಕೊಂಡಿದ್ದನಂತೆ. ಅವುಗಳ ಅರ್ಥ ಅವನಿಗೆ ತಿಳಿಯದು. ನನಗೆ ತಟ್ಟನೆ ಅವನ ಮೇಲೆ ಪ್ರೀತಿ ಹುಟ್ಟಿತು. ಆ ಲಿಪಿಯನ್ನು ಓದಲಾರದೆ ಪೂಜಿಸಿದವನು ನಾನೊಬ್ಬನೇ ಅಲ್ಲವಲ್ಲ!

ವಾನ್ ಗೋ ಜಪಾನನ್ನು ನೋಡಿದವನಲ್ಲ. ಹೋಗುವ ಹಣವೂ ಅವನಲ್ಲಿರಲಿಲ್ಲ; ಅವನ ಅನ್ನ ಬಣ್ಣಗಳೆರಡೂ ತಮ್ಮ ಥಿಯೋನ ಸಂಬಳದಿಂದ ಬರುತ್ತಿದ್ದುವು. ಆದರೆ ಆಗ ಪ್ಯಾರಿಸಿನಲ್ಲಿ ಜಪಾನಿನ ಅಚ್ಚುಚಿತ್ರಗಳು ಅಗ್ಗವಾಗಿ ಸಿಗುತ್ತಿದ್ದುವು. ಅಣ್ಣತಮ್ಮಂದಿರು ನೂರಾರು ಕೂಡಿಟ್ಟರು. ಅವುಗಳನ್ನು ನೋಡಿ ನೋಡಿ ವಾನ್ ಗೋಗೆ ಅಲ್ಲಿಯ ಬೆಳಕಿನ ಹುಚ್ಚು ಹಿಡಿಯಿತು. ಜಪಾನಿಗೆ ಹೋಗಲಾರದವನು ಏನು ಮಾಡಿದ? ರೈಲು ಹತ್ತಿ ಫ್ರಾನ್ಸಿನ ದಕ್ಷಿಣಕ್ಕೆ, ಆರ್ಲ್ ಎಂಬ ಊರಿಗೆ ಹೋದ. ಅಲ್ಲಿ ಬಿಸಿಲು ಹೆಚ್ಚು, ಬಣ್ಣ ಹೆಚ್ಚು. ಅದೇ ತನ್ನ ಜಪಾನೆಂದು ತೀರ್ಮಾನ ಮಾಡಿಕೊಂಡಿದ್ದ. 1888ರ ಫೆಬ್ರವರಿ 20ರಂದು ಇಳಿದು ನೋಡಿದರೆ ಊರ ತುಂಬ ಹಿಮ! ಬೇರೆ ಯಾರಾದರೂ ಮುಂದಿನ ರೈಲಿಗೆ ಹಿಂತಿರುಗುತ್ತಿದ್ದರು. ಇವನು, ಹಿಮದ ಬಯಲೂ ಜಪಾನೀಯರು ಬರೆದ ಚಳಿಗಾಲದ ಚಿತ್ರದ ಹಾಗೆಯೇ ಇದೆಯೆಂದು ತಮ್ಮನಿಗೆ ಕಾಗದ ಬರೆದ. ನಂಬಿಕೆಯೆಂದರೆ ಅದು.

ಮುಂದಿನ ತಿಂಗಳಲ್ಲಿ ಹಿಮ ಕರಗಿ ಹಣ್ಣಿನ ತೋಟಗಳು ಹೂಬಿಟ್ಟುವು. ಅವನು ದಿನವೂ ಹೋಗಿ ಹೂವಿನ ಮರಗಳನ್ನು ಬರೆದ. ತನ್ನದೇ ಚಿತ್ರವನ್ನು ಬರೆದುಕೊಂಡಾಗ ತಲೆ ಬೋಳಿಸಿ, ಕಣ್ಣನ್ನು ಸ್ವಲ್ಪ ಓರೆಮಾಡಿ, ಬುದ್ಧನನ್ನು ಪೂಜಿಸುವ ಜಪಾನೀ ಭಿಕ್ಷುವಿನ ಹಾಗೆ ಬರೆದುಕೊಂಡ. ಆ ವರ್ಷದ ಶರತ್ಕಾಲದ ಹೊತ್ತಿಗೆ ತಂಗಿಗೆ ಬರೆದ ಕಾಗದದಲ್ಲಿ ಅವನ ಮಾತು ಬೇರೆಯಾಗಿತ್ತು. ತನಗಿನ್ನು ಜಪಾನೀ ಚಿತ್ರಗಳ ಅಗತ್ಯವಿಲ್ಲ. ತಾನು ಜಪಾನಿನಲ್ಲಿಯೇ ಇದ್ದೇನೆಂದು ಹೇಳಿಕೊಳ್ಳುತ್ತೇನೆ. ಕಣ್ಣು ತೆರೆದು ಎದುರಿಗಿರುವುದನ್ನು ತೆಗೆದುಕೊಂಡರೆ ಸಾಕು ಎಂಬುದು ಅದರ ತಾತ್ಪರ್ಯ. ಇಷ್ಟು ಹೇಳಿದವನಿಗೆ ಇನ್ನೆರಡು ವರ್ಷ ಆಯುಷ್ಯವೂ ಇರಲಿಲ್ಲ. 1890ರ ಜುಲೈ 29ರಂದು, 37ನೆಯ ವಯಸ್ಸಿನಲ್ಲಿ ತೀರಿಕೊಂಡ.

ಜಪಾನಿಗೆ ಹೋಗದೆ ಜಪಾನನ್ನು ಮನೆಗೇ ತರಿಸಿಕೊಂಡ ಸಿರಿವಂತನೂ ಒಬ್ಬನಿದ್ದ. ಅವನು ಕ್ಲೋದ್ ಮೊನೆ. 1893ರಲ್ಲಿ ಜೀವರ್ನಿ ಎಂಬ ಹಳ್ಳಿಯಲ್ಲಿ ಮನೆಯ ಪಕ್ಕದ ಜಾಗ ಕೊಂಡು, ಹೊಳೆಯ ನೀರು ತಿರುಗಿಸಿ ಕೊಳ ತೋಡಿ, ತಾವರೆ ನೆಟ್ಟು, ಜಪಾನೀ ಮಾದರಿಯ ಕಮಾನು ಸೇತುವೆ ಕಟ್ಟಿಸಲು ಹೊರಟ. ಹಳ್ಳಿಯವರು ತಕರಾರು ಎತ್ತಿದರು. ಈ ಪರದೇಶದ ಗಿಡಗಳಿಂದ ನೀರು ವಿಷವಾಗಿ ದನಕರುಗಳು ಸತ್ತರೆ ಏನು ಗತಿ? ಮೊನೆ ಅಧಿಕಾರಿಗಳಿಗೆ ಅರ್ಜಿ ಬರೆದು ಬರೆದು ಕೊನೆಗೆ ಗೆದ್ದ. ಆ ಕೊಳದ ಚಿತ್ರಗಳನ್ನು ನೋಡಲು ಈಗ ಲೋಕವೇ ಹೋಗುತ್ತದೆ. ಆದರೆ ಓದುವಾಗ ನನ್ನ ಮನಸ್ಸು ಹಳ್ಳಿಯವರ ಪಕ್ಷದಲ್ಲಿತ್ತೆಂದು ಒಪ್ಪಿಕೊಳ್ಳುತ್ತೇನೆ. ಒಬ್ಬನ ಕಣ್ಣಿಗೆ ಕೊಳವಾದದ್ದು ಇನ್ನೊಬ್ಬನ ಎಮ್ಮೆಗೆ ಕುಡಿಯುವ ನೀರು.

ನನ್ನ ಕತೆಗೆ ಬರುತ್ತೇನೆ. ಕೆಲಸ ಸಿಕ್ಕಿತು, ಬೆಂಗಳೂರಿನಲ್ಲಿಯೇ ನಿಂತೆ. ಜಪಾನಿಗೆ ಹೋಗುವ ಆಸೆ ಪ್ರತಿ ವರ್ಷವೂ ಮುಂದಿನ ವರ್ಷಕ್ಕೆ ವರ್ಗವಾಗುತ್ತ ಹೋಯಿತು. ಹೋಗಲಾಗದಿದ್ದವನು ಓದಿದೆ. ಕ್ಯೋಟೊ ನಗರದ ರ್‍ಯೋವಾನ್‌ಜಿ ದೇವಾಲಯದಲ್ಲಿ ಬಿಳಿಯ ಜಲ್ಲಿಕಲ್ಲಿನ ಅಂಗಳವಿದೆಯೆಂದೂ, ಅದರಲ್ಲಿ 15 ಬಂಡೆಗಳಿದ್ದು ಜಗಲಿಯಲ್ಲಿ ಎಲ್ಲಿ ಕೂತರೂ ಒಂದು ಮರೆಯಾಗಿಯೇ ಇರುತ್ತದೆಂದೂ ಓದಿ, ನಮ್ಮ ಮನೆಯ ಜಗಲಿಯ ಮೇಲೆ ಕೂತಂತೆಯೇ ಕಣ್ಣುಮುಚ್ಚಿ ಎಣಿಸುತ್ತಿದ್ದೆ. ಅದೇ ನಗರದ ಸೈಹೊಜಿ ದೇವಾಲಯದ ತೋಟದಲ್ಲಿ ನೆಲಕ್ಕೆಲ್ಲ ಹಾವಸೆ. ನೂರಿಪ್ಪತ್ತು ಬಗೆಯ ಹಾವಸೆಯಂತೆ! ಮುಸೊ ಸೊಸೆಕಿ ಎಂಬ ಭಿಕ್ಷು ಆ ದೇವಾಲಯವನ್ನೂ ತೋಟವನ್ನೂ ಜೀರ್ಣೋದ್ಧಾರ ಮಾಡಿದ್ದು 1339ರಲ್ಲಿ. ನಮ್ಮ ಶೃಂಗೇರಿಯ ವಿದ್ಯಾಶಂಕರ ದೇವಾಲಯದ ಕಾಲ 1338ರ ಸುಮಾರೆನ್ನುತ್ತಾರೆ. ಹನ್ನೆರಡು ರಾಶಿಗಳ ಕಂಬಗಳನ್ನು ನಮ್ಮ ಶಿಲ್ಪಿಗಳು ಕಡೆಯುತ್ತಿದ್ದ ಹೊತ್ತಿನಲ್ಲೇ ಅಲ್ಲೊಬ್ಬ ಸನ್ಯಾಸಿ ಕಲ್ಲು ನೀರುಗಳನ್ನು ಹೊಂದಿಸುತ್ತಿದ್ದ. ಇಬ್ಬರಿಗೂ ಒಬ್ಬರ ಸುದ್ದಿ ಒಬ್ಬರಿಗೆ ತಿಳಿಯದು. ಈ ಲೆಕ್ಕ ಸಿಕ್ಕಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಎಳೆತನದಲ್ಲಿ ಕಳೆದುಕೊಂಡ ಹೊಳೆ ಮತ್ತೆ ಸಿಕ್ಕ ಹಾಗಾಗಿತ್ತು.

ಕಸ್ತೂರಬಾ ರಸ್ತೆಯ ಚಿತ್ರಶಾಲೆಯಲ್ಲಿ ಕೆ. ವೆಂಕಟಪ್ಪನವರ ಊಟಿಯ ಚಿತ್ರಗಳನ್ನು ನೋಡಿದಾಗಲೂ ಹಾಗೆಯೇ ಆಯಿತು. ಮೈಸೂರಿನ ಅರಮನೆಯ ಆಶ್ರಯದಲ್ಲಿ ಬೆಳೆದ ವೆಂಕಟಪ್ಪನವರು 1909ರಲ್ಲಿ ಕಲ್ಕತ್ತೆಗೆ ಹೋಗಿ ಅವನೀಂದ್ರನಾಥ ಠಾಕೂರರ ಶಿಷ್ಯರಾದರು. ಆ ಗುರುಗಳಾದರೋ 1903ರಲ್ಲಿ ಕಲ್ಕತ್ತೆಗೆ ಬಂದಿದ್ದ ಯೊಕೊಯಾಮ ತೈಕಾನ್ ಎಂಬ ಜಪಾನೀ ಚಿತ್ರಕಾರನಿಂದ, ಬಣ್ಣವನ್ನು ನೀರಿನಲ್ಲಿ ತೊಳೆದು ತೊಳೆದು ಮಂಜಾಗಿಸುವ ಬಗೆಯನ್ನು ಕಂಡುಕೊಂಡಿದ್ದವರು. ವೆಂಕಟಪ್ಪನವರು ಮುಂದೆ ತಮ್ಮದೇ ಹಾದಿ ಹಿಡಿದರು, ನಿಜ. ಆದರೂ ಊಟಿಯ ಆ ಬೆಟ್ಟಗಳ ಮೇಲೆ ಕೂತ ಮಂಜನ್ನು ನೋಡಿದಾಗ, ಕ್ಯೋಟೊದಿಂದ ಹೊರಟ ಮಂಜು ಕಲ್ಕತ್ತೆಯಲ್ಲಿ ಒಂದು ರಾತ್ರಿ ತಂಗಿ ನಮ್ಮ ಕಡೆಗೆ ಬಂದಿತೆಂದು ನನಗನ್ನಿಸಿತು. ಇದು ಕಲಾಚರಿತ್ರೆಯಲ್ಲ, ಊರಿಗೆ ದೂರವಾದವನ ಕನಸು.

ಏಕೆಂದರೆ ಅಷ್ಟರಲ್ಲಿ ನನಗೆ ತಿಳಿಯದೆಯೇ ಒಂದು ಬದಲಾವಣೆಯಾಗಿತ್ತು. ಜಪಾನಿನ ದೇವಾಲಯ, ಜಪಾನಿನ ತೋಟ ಎಂದು ನಾನು ಹಂಬಲಿಸುತ್ತಿದ್ದಾಗ ಕಣ್ಣಿಗೆ ಕಟ್ಟುತ್ತಿದ್ದದ್ದು ಮೆಣಸೆ. ಮೆಣಸೆಯೆಂದರೆ ಈಗ ಹಲವರಿಗೆ ಸಂಸ್ಕೃತ ವಿಶ್ವವಿದ್ಯಾಲಯದ ಆವರಣವಿರುವ ಊರು. ನನಗೆ ಅದು ದರೆಯ ಕೆಳಗಿನ ಹೆಂಚಿನ ಮನೆ, ಅಡಕೆ ತೋಟ, ತೋಟದ ನಡುವಿನ ಕಪ್ಪು ಕಾಲುವೆ. ಅಣ್ಣ ಅಲ್ಲಿಯೇ ಉಳಿದು ತೋಟ ನೋಡಿಕೊಂಡ. ನಾನು ಬೆಂಗಳೂರಿನಲ್ಲಿ ಉಳಿದು ತೋಟದ ಬಗ್ಗೆ ಮಾತಾಡಿದೆ. ಕುಟುಂಬದಲ್ಲಿ ಇಂಥ ಶ್ರಮವಿಭಾಗ ಸಾಮಾನ್ಯ.

ಒಂದು ಮಳೆಗಾಲ ಊರಿಗೆ ಹೋಗಿದ್ದಾಗ ಅತ್ತಿಗೆ ಅಂಗಳದ ಕಲ್ಲಿನ ಮೇಲಿನ ಹಾವಸೆಯನ್ನು ತೆಂಗಿನ ಸಿಪ್ಪೆಯಿಂದ ತಿಕ್ಕುತ್ತಿದ್ದರು. ನಾನು ಓಡಿಹೋಗಿ ತಡೆದೆ. ಸೈಹೊಜಿಯ ವಿಷಯವನ್ನು ವಿವರವಾಗಿ ಹೇಳಿದೆ. ಅಲ್ಲಿ ಹಾವಸೆಯ ಮೇಲೆ ಬಿದ್ದ ಎಲೆಗಳನ್ನು ನೋವಾಗದಂತೆ ಗುಡಿಸುತ್ತಾರೆಂದೆ. ನೋಡಬೇಕಾದವರು ಮೊದಲೇ ಕಾಗದ ಬರೆದು ಅನುಮತಿ ಪಡೆಯಬೇಕೆಂದೆ. ಅತ್ತಿಗೆ ತಾಳ್ಮೆಯಿಂದ ಕೇಳಿ, ಸಿಪ್ಪೆಯನ್ನು ಬದಿಗಿಟ್ಟು ಒಳಗೆ ಹೋದರು. ಅಂದು ಸಂಜೆ ಅಂಗಳಕ್ಕೆ ಹಾಕಿದ ದಬ್ಬೆಯ ಸಾಲು ಬಿಟ್ಟು ನಾಲ್ಕು ಹೆಜ್ಜೆ ನಡೆದ ನಾನು ಬಿದ್ದ ರಭಸಕ್ಕೆ ಕೊಟ್ಟಿಗೆಯ ದನಗಳು ಎದ್ದು ನಿಂತವು. ಅತ್ತಿಗೆ ಎಣ್ಣೆ ಕಾಯಿಸುತ್ತ, “ಕಾಗದ ಬರೆದು ಅನುಮತಿ ತಗೊಂಡು ಕಾಲಿಡಬೇಕಿತ್ತು” ಎಂದಷ್ಟೇ ಹೇಳಿದರು.

ಬಿದ್ದದ್ದನ್ನು ನಕ್ಕು ಮರೆಯಬಹುದು. ಮರೆಯಲಾರದ್ದು ನಡೆದದ್ದು ಎರಡು ವರ್ಷಗಳ ಹಿಂದೆ, ದೀಪಾವಳಿಯಾದ ಮೇಲೆ. ಸಂಜೆ ಅಣ್ಣನೂ ನಾನೂ ದರೆಯ ಮೇಲೆ ನಿಂತಿದ್ದೆವು. ಇಳಿಬಿಸಿಲು. ಕೆಳಗೆ ತೋಟದ ತಲೆಯೆಲ್ಲ ಹೊಂಬಣ್ಣವಾಗಿತ್ತು. ಹಸುರು ತೋಟವನ್ನು ಎಷ್ಟೋ ಸಲ ನೋಡಿದ್ದೇನೆ. ಈ ಬಣ್ಣವನ್ನು ನೋಡಿರಲಿಲ್ಲ. ಆರ್ಲ್‌ನಲ್ಲಿ ವಾನ್ ಗೋ ಬಳಿದ ಹಳದಿ ನನಗೆ ನೆನಪಾಯಿತು. ಮಾತು ತಡೆಯಲಾರದೆ, “ಅಣ್ಣಾ, ಬಿಸಿಲು ಬಿದ್ದು ತೋಟ ಹೇಗೆ ಚಿನ್ನವಾಗಿದೆ ನೋಡು” ಎಂದೆ.

ಅಣ್ಣ ನನ್ನ ಮುಖ ನೋಡಲಿಲ್ಲ. “ಬಿಸಿಲಲ್ಲ. ರೋಗ” ಎಂದ.

ಹಳದಿ ಎಲೆ ರೋಗ ಶೃಂಗೇರಿ ಕೊಪ್ಪಗಳ ಕಡೆಗೆ ಹೊಸದಲ್ಲ. ಸೋಗೆಯ ತುದಿಯಿಂದ ಹಳದಿ ಹತ್ತುತ್ತದೆ, ಕಾಯಿ ಉದುರುತ್ತದೆ, ಒಳಗೆ ಕಪ್ಪಾಗುತ್ತದೆ, ವರ್ಷದಿಂದ ವರ್ಷಕ್ಕೆ ಮರದ ತಲೆ ಕಿರಿದಾಗುತ್ತ ಬರುತ್ತದೆ. ಮರ ಒಂದೇ ಸಲ ಸಾಯುವುದೂ ಇಲ್ಲ. ಪೂರ್ತಿ ಗುಣಮಾಡುವ ಔಷಧ ಇದುವರೆಗೆ ಸಿಕ್ಕಿಲ್ಲ. ಇದೆಲ್ಲವನ್ನೂ ನಾನು ಪತ್ರಿಕೆಯಲ್ಲಿ ಓದಿದ್ದೆ. ಆದರೆ ನಮ್ಮ ತೋಟಕ್ಕೆ ಅದು ಬಂದು ಆರು ವರ್ಷವಾಗಿತ್ತೆಂಬುದನ್ನು, ಪ್ರತಿ ವರ್ಷ ಹೋಗಿ ಬರುತ್ತಿದ್ದ ನನ್ನ ಕಣ್ಣು ಕಂಡಿರಲಿಲ್ಲ. ನಾನು ತೋಟವನ್ನು ನೋಡುತ್ತಿರಲಿಲ್ಲ. ನನ್ನ ತಲೆಯೊಳಗಿನ ಚಿತ್ರವನ್ನು ತೋಟದ ಮೇಲೆ ಇಟ್ಟು ನೋಡುತ್ತಿದ್ದೆ.

ಆ ರಾತ್ರಿ ಅಣ್ಣ, ಕೊಳ್ಳುವವರೊಬ್ಬರು ಬಂದಿದ್ದಾರೆ, ಮಾರಿಬಿಡೋಣವೆಂದಿದ್ದೇನೆ ಎಂದ. ನಾನು ಕೂಗಾಡಿದೆ. ಅಜ್ಜನ ಹೆಸರೆತ್ತಿದೆ. ಕ್ಯೋಟೊದಲ್ಲಿ ಆರೇಳು ನೂರು ವರ್ಷದ ತೋಟಗಳನ್ನು ಹೇಗೆ ಉಳಿಸಿಕೊಂಡಿದ್ದಾರೆ, ನಮಗೆ ಮೂರು ತಲೆಮಾರಿನದನ್ನು ಉಳಿಸಿಕೊಳ್ಳುವ ಯೋಗ್ಯತೆಯಿಲ್ಲವೆ ಎಂದೆ. ಅಣ್ಣ ಎಲ್ಲವನ್ನೂ ಕೇಳಿ, “ಆ ತೋಟಗಳಲ್ಲಿ ಗೊನೆ ಬಿಡಬೇಕಾ?” ಎಂದು ಕೇಳಿದ. ವ್ಯಂಗ್ಯವಾಗಿ ಅಲ್ಲ, ತಿಳಿದುಕೊಳ್ಳಲು ಕೇಳಿದ. ನನ್ನಲ್ಲಿ ಉತ್ತರವಿರಲಿಲ್ಲ. ಮರುದಿನ ಬೆಳಗ್ಗಿನ ಬಸ್ಸಿಗೆ ಹೊರಟೆ.

ಬಸ್ಸಿನಲ್ಲಿ ವಾನ್ ಗೋನ ವಿಷಯ ಯೋಚಿಸಿದೆ. ಅವನು ಹಂಬಲಿಸಿದ ಜಪಾನು ಯಾವುದು? ಹಿರೋಶಿಗೆ ತೀರಿಕೊಂಡದ್ದು 1858ರಲ್ಲಿ. ಆಗ ವಾನ್ ಗೋಗೆ ಐದು ವರ್ಷ. 1868ರಲ್ಲಿ ಎದೊ ನಗರದ ಹೆಸರೇ ಹೋಗಿ ತೋಕಿಯೊ ಆಯಿತು. ಇವನು ಆರ್ಲ್‌ನಲ್ಲಿ ಜಪಾನನ್ನು ಹುಡುಕುತ್ತಿದ್ದಾಗ ಜಪಾನೀಯರು ತೋಕಿಯೊದಿಂದ ಕೋಬೆಗೆ ರೈಲು ಹಾಸುತ್ತಿದ್ದರು. 1889ರಲ್ಲಿ ಆ ಮಾರ್ಗ ಪೂರ್ತಿಯಾಯಿತು. ಹತ್ತು ವರ್ಷ ಕಳೆಯುವುದರೊಳಗೆ, 1898ರಲ್ಲಿ, ನಮ್ಮ ವಿಶ್ವೇಶ್ವರಯ್ಯನವರು ಜಪಾನಿಗೆ ಹೋದರು. ಅವರು ಕಂಡು ಬೆರಗಾದದ್ದು ಶಾಲೆಗಳನ್ನು, ಕಾರ್ಖಾನೆಗಳನ್ನು. ಅದೂ ಜಪಾನೇ. ವಾನ್ ಗೋ ಹಡಗು ಹತ್ತಿ ಹೋಗಿದ್ದರೆ ಅವನಿಗೆ ಸಿಗುತ್ತಿದ್ದದ್ದು ಬಹುಶಃ ಸೇತುವೆಯ ಮೇಲಿನ ಗೊರಬೆಯವನಲ್ಲ, ಚೀಟಿ ಕೇಳುವ ರೈಲ್ವೆಯವನು. ಹೋಗದಿದ್ದದ್ದು ಅವನ ಪುಣ್ಯವೆಂದು ಕೆಲವರು ಹೇಳುತ್ತಾರೆ. ನನಗೆ ಹಾಗೆನ್ನಿಸುವುದಿಲ್ಲ. ಅವನ ಪುಣ್ಯ ಬೇರೆ. ಇಲ್ಲದ ಜಪಾನನ್ನು ಹುಡುಕುತ್ತ ಹೋದವನು ಎದುರಿಗಿದ್ದ ಆರ್ಲನ್ನು ಕಂಡನಲ್ಲ, ಅದು. ನನ್ನದು ಅದರ ತಿರುವುಮುರುವು. ಎದುರಿಗಿದ್ದ ಮೆಣಸೆಯನ್ನು ನಾನು ಕಾಣದ ಜಪಾನು ಮಾಡಿಕೊಂಡಿದ್ದೆ. ಹುಟ್ಟಿದ ಊರಿನಲ್ಲಿ ನಾನು ಪರದೇಶದ ಕಲಾವಿದ.

ನಿಜವಾದ ಪರದೇಶಿಯೊಬ್ಬ ಇದೇ ಮಲೆನಾಡಿನ ತೋಟಗಳನ್ನು ಬೇರೆ ಬಗೆಯಲ್ಲಿ ನೋಡಿದ್ದ. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್, ಮಳೆಗಾಲದಲ್ಲಿ ಅಡಕೆ ತೋಟಗಳನ್ನು ಅಲೆದು ಕೊಳೆರೋಗದ ಬೇರನ್ನು ಹುಡುಕಿದ. ಫ್ರಾನ್ಸಿನ ದ್ರಾಕ್ಷಿ ತೋಟಗಳಿಗಾಗಿ ಹುಟ್ಟಿದ ಮೈಲುತುತ್ತು ಸುಣ್ಣದ ಬೋರ್ಡೋ ದ್ರಾವಣವನ್ನು ಗೊನೆಗೆ ಹೊಡೆಯಲು ನಮ್ಮವರಿಗೆ ಕಲಿಸಿದ. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ 1925ರಲ್ಲಿ ಆರಂಭವಾದದ್ದೂ ಅವನಿಂದಲೇ. ಅವನು ತೋಟವನ್ನು ಚೆಲುವೆಂದು ಹೊಗಳಿದನೋ ಇಲ್ಲವೋ. ಅದರ ಕಾಯಿಲೆಯನ್ನು ನೋಡಿದ. ಪ್ರೀತಿಯ ಕಣ್ಣಿಗೆ ಇದೂ ಒಂದು ಗುರುತಲ್ಲವೆ? ತಾಯಿ ಮಗುವಿನ ಮುಖ ನೋಡುವಾಗ ಚೆಲುವನ್ನು ನೋಡುತ್ತಾಳೆ. ಅದರ ಜೊತೆಗೆ ಜ್ವರವನ್ನೂ ನೋಡುತ್ತಾಳೆ.

ಊರಿಗೆ ಕಾಗದ ಬರೆದೆ. ಫೋನಿನಲ್ಲಿ ಹೇಳಲು ನಾಚಿಕೆಯಾಯಿತು. ಮಾರುವುದಾದರೆ ಮಾರು, ನನ್ನ ತಕರಾರಿಲ್ಲ. ಮಾರದಿದ್ದರೆ ಏನು ಮಾಡಬೇಕೆಂದು ಹೇಳು, ಈ ಸಲ ಮಾತಿನ ಬದಲು ಕೈ ಕೊಡುತ್ತೇನೆ ಎಂದೆ. ಎರಡು ತಿಂಗಳು ಉತ್ತರವಿಲ್ಲ. ಆಮೇಲೆ ಒಂದು ದಿನ ಅಣ್ಣ ಫೋನು ಮಾಡಿ, ಕಾಫಿ ಗಿಡ ಹಾಕುತ್ತಿದ್ದೇನೆ, ಜೂನಿನಲ್ಲಿ ಬಾ ಎಂದ.

ಹೋದೆ. ಹಳದಿಯಾದ ಮರಗಳ ಸಾಲಿನ ನಡುವೆ ಗುಂಡಿಗಳು ಸಿದ್ಧವಾಗಿದ್ದುವು. ಉಳಿದ ಗಟ್ಟಿ ಮರಗಳಿಗೆ ಕಾಳುಮೆಣಸಿನ ಬಳ್ಳಿ. “ಊರಿನ ಹೆಸರಿನಲ್ಲೇ ಇದೆ, ತೋಟದಲ್ಲೂ ಇರಲಿ” ಎಂದು ಅಣ್ಣ ನಕ್ಕ. ಜಪಾನಿನ ಇಸೆ ಎಂಬಲ್ಲಿ ಒಂದು ದೇಗುಲವಿದೆ. ಇಪ್ಪತ್ತು ವರ್ಷಕ್ಕೊಮ್ಮೆ ಪಕ್ಕದ ಜಾಗದಲ್ಲಿ ಹೊಸ ಮರದಿಂದ ಅದನ್ನು ಹಾಗೆಯೇ ಕಟ್ಟಿ ಹಳೆಯದನ್ನು ಬಿಚ್ಚಿಬಿಡುತ್ತಾರೆ. 2013ರಲ್ಲಿ ಹಾಗೆ 62ನೆಯ ಸಲ ಕಟ್ಟಿದರು. ಅದನ್ನು ಹೇಳಬೇಕೆಂದು ಬಾಯಿಯವರೆಗೆ ಬಂತು. ಹೇಳಲಿಲ್ಲ. ಗಿಡದ ತೊಟ್ಟೆ ಹರಿದು ಬೇರು ಅಲುಗದಂತೆ ಗುಂಡಿಗೆ ಇಳಿಸುವುದನ್ನು ಅಣ್ಣ ತೋರಿಸುತ್ತಿದ್ದ, ಅದನ್ನು ನೋಡಬೇಕಾಗಿತ್ತು. ಮೊದಲ ದಿನ ನಾನು ನೆಟ್ಟದ್ದು ಹನ್ನೊಂದು ಗಿಡ. ಅದರಲ್ಲಿ ಮೂರನ್ನು ಅಣ್ಣ ನಾನು ಅತ್ತ ತಿರುಗಿದಾಗ ಕಿತ್ತು ಸರಿಯಾಗಿ ನೆಟ್ಟದ್ದನ್ನು ಕಂಡೂ ಕಾಣದ ಹಾಗಿದ್ದೆ.

ಮಧ್ಯಾಹ್ನ ಮಳೆ ಬಂತು. ಮೋಡ ಮಸಿಯಾಯಿತು. ಗೆರೆ ಗೆರೆಯಾಗಿ ಬಿತ್ತು. ಎಲ್ಲರೂ ತಲೆಯ ಮೇಲೆ ಸಿಕ್ಕಿದ್ದನ್ನು ಹಿಡಿದುಕೊಂಡು ಕಾಲುವೆಯ ಸಂಕದ ಮೇಲೆ ಮನೆಯ ಕಡೆಗೆ ಓಡಿದೆವು. ನಡುದಾರಿಯಲ್ಲಿ ನನಗೆ ತಟ್ಟನೆ ಆ ಕ್ಯಾಲೆಂಡರು ನೆನಪಾಯಿತು. ಜಗಲಿ ಹತ್ತಿದವನು ಗೋಡೆ ನೋಡಿದೆ. ಶಾರದಾಂಬೆ ಇದ್ದಳು, ಅಜ್ಜ ಇದ್ದರು. ಮೂರನೆಯ ಜಾಗದಲ್ಲಿ ಮೊಳೆ ಮಾತ್ರ ಇತ್ತು. ಗೆದ್ದಲು ಹಿಡಿದಿತ್ತು, ಹೋದ ವರ್ಷವೇ ತೆಗೆದೆವು ಎಂದರು ಅತ್ತಿಗೆ. ಹಿಂದಿನ ದಿನ ರಾತ್ರಿ ಆ ಜಗಲಿಯಲ್ಲೇ ಎರಡು ಗಂಟೆ ಕೂತಿದ್ದೆ. ಅದು ಇಲ್ಲವೆಂಬುದು ನನಗೆ ತಿಳಿದಿರಲಿಲ್ಲ.

ಅತ್ತಿಗೆ ಮೈ ಒರೆಸಲು ಬೈರಾಸು ಕೊಟ್ಟರು. ಅಂಗಳದ ಹಾವಸೆಯನ್ನು ಬೆಳಗ್ಗೆಯೇ ತಿಕ್ಕಿದ್ದರು. ತಿಕ್ಕಿದವನು ನಾನು.